ಒಂದು ಸೊಲಿಗೆ, ಎರಡು ಕೈ

ಬತ್ತಿದ ಕೆರೆಯಲ್ಲಿ ಸವಳಿನ ಬಿಳಿ ಕ್ಷಾರ ಅರಳತೊಡಗಿದಾಗಿನಿಂದ ನನ್ನ ಹೆಂಡತಿ ಕಾಶವ್ವ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ತಿರುಗುತ್ತಿದ್ದಳು. ಒಲೆಯ ಮೇಲೆ ಎಸರಿಟ್ಟು ಹಿತ್ತಲಿಗೆ ಹೋಗುವಳು, ಹಿತ್ತಲಲ್ಲಿ ನೆನೆಹಾಕಿದ ಬಟ್ಟೆಯನ್ನು ಹಾಗೇ ಬಿಟ್ಟು ಬೀದಿಬಾಗಿಲಿಗೆ ಬರುವಳು, ಅಲ್ಲಿ ನಿಂತು ಊರಾಚೆಯ ಬಿಳಿ ಬಯಲನ್ನು ನೋಡುವಳು, ಮತ್ತೆ ಒಳಗೆ. ಅಷ್ಟರಲ್ಲಿ ಎಸರು ಉಕ್ಕಿ ಒಲೆ ಆರಿರುತ್ತಿತ್ತು. ಏನಾಯಿತೇ ಅಂದರೆ ಏನಿಲ್ಲ ಅನ್ನುವಳು. ಏನಿಲ್ಲ ಅನ್ನುವುದಕ್ಕೂ ಒಂದು ಮುಖ ಬೇಕಲ್ಲ, ಅದು ಅವಳಲ್ಲಿರಲಿಲ್ಲ. ನಾನೇನು ಕಡಿಮೆಯೇ? ನನ್ನ ಪೇಡೆ ಅಂಗಡಿಯಲ್ಲಿ ಹಾಲು ಕಾಯಿಸಿ ಖವಾ ಮಾಡುವ ಬಾಣಲೆಯ ಮುಂದೆ ಕೂತವನು ಕೈಯಾಡಿಸುವುದನ್ನೇ ಮರೆತು ತಳ ಹಿಡಿಸಿದ್ದೆ. ತಿಂದವರು ಪೇಡೆ ಕಮಟು ವಾಸನೆ ಅಂದಾಗ ಅವರ ಮೂಗಿನದೇ ತಪ್ಪು ಎಂದು ಜಗಳ ತೆಗೆದಿದ್ದೆ.

ಕಾರಣ ನಮ್ಮ ಮಕ್ಕಳ ಬಾಯಲ್ಲಿತ್ತು. ನಮ್ಮ ಅವಳಿಗಳು, ಮೊದಲು ಹುಟ್ಟಿದ ತುಳಸಿ ಮತ್ತು ಅವಳ ಬೆನ್ನಿಗೇ ಹುಟ್ಟಿದ ಕೇದಗಿ, ಇಬ್ಬರಿಗೂ ಹಾಲುಹಲ್ಲು ಬೀಳಲು ಶುರುವಾಗಿತ್ತು. ಹಲ್ಲು ಬಿದ್ದ ವರ್ಷವೇ ಕೆರೆಗೆ ಕರೆದೊಯ್ದು ಕೈ ತಣಿಸಬೇಕು. ಆಚೀಚೆ ಮನೆಯವರಿಗೆಲ್ಲ ಅದು ಹೋಳಿಗೆ ಮಾಡಿ ಉಣ್ಣುವ ದಿನ. ನಮಗೆ ಮಾತ್ರ ಅದನ್ನು ನೆನೆದರೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ನಮ್ಮೂರಲ್ಲಿ ಎಲ್ಲರೂ ಹುಳಿ ಕೈಯವರಾಗಿಯೇ ಹುಟ್ಟುತ್ತಾರೆ. ಕೂಸು ಹಾಲಿಗೆ ಬೆರಳಿಟ್ಟರೆ ಹಾಲು ಒಡೆಯುತ್ತದೆ. ತೊಟ್ಟಿಲಿರುವ ಮನೆಯವರು ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬರುವುದಿಲ್ಲ. ಉಗುರುಬೆಚ್ಚಗಿನ ಹಾಲಿಗೆ ಕೂಸಿನ ಕಿರುಬೆರಳು ತಾಗಿಸಿ ಮುಚ್ಚಿಡುತ್ತಾರೆ. ಹಲ್ಲು ಬಿದ್ದ ಮೇಲೆ ಕೆರೆಯ ದಂಡೆಯಲ್ಲಿ ಒಂದು ಸೊಲಿಗೆ ಸವಳು ಅಳೆದು ಮರದ ಮರಿಗೆಗೆ ಸುರಿಯುತ್ತಾರೆ. ಮಗು ಅದರಲ್ಲಿ ಕೈಯಿಡುತ್ತದೆ. ಸುಂಯ್ ಎಂದು ನೊರೆಯೇಳುತ್ತದೆ, ಮಗು ಕಚಗುಳಿಗೆ ನಗುತ್ತದೆ, ನೊರೆ ಇಳಿಯುತ್ತದೆ. ಅಲ್ಲಿಗೆ ಕೈ ತಣಿಯಿತು. ಇನ್ನು ಆ ಮಗು ಯಾರ ಮನೆಯ ಹಾಲನ್ನಾದರೂ ಮುಟ್ಟಬಹುದು.

ಲೆಕ್ಕ ಮಾತ್ರ ಒಂದೇ: ಒಂದು ಹೆರಿಗೆಗೆ ಒಂದು ಸೊಲಿಗೆ. ಹೆತ್ತದ್ದು ಒಂದಾದರೂ ಅಷ್ಟೇ, ಎರಡಾದರೂ ಅಷ್ಟೇ. ಅವಳಿ ಹೆತ್ತವರು ಆ ಸೊಲಿಗೆಯನ್ನು ಒಬ್ಬರಿಗೆ ಕೊಟ್ಟು ಇನ್ನೊಬ್ಬರನ್ನು ತಣಿಸದ ಹಸಿಗೈಯಲ್ಲೇ ಬಿಡಬಹುದು. ಹಸಿಗೈಯ ಮಗು ಅಂದೇ ಊರ ಆಚೆಯ ಹುಣಸೆ ಓಣಿಗೆ ಹೋಗಬೇಕು. ಅಲ್ಲಿ ಹಸಿಗೈಯವರದೇ ಮನೆಗಳು, ಅವರದೇ ಮದುವೆ ಮುಂಜಿ, ಹುಣಸೆ ಹಣ್ಣು ಉಪ್ಪಿನಕಾಯಿ ಅವರದೇ ವ್ಯಾಪಾರ. ಬಡತನವೇನಿಲ್ಲ. ಆದರೆ ಹಾಲಿರುವ ಮನೆಯ ಹೊಸ್ತಿಲನ್ನು ಅವರು ದಾಟುವಂತಿಲ್ಲ, ತಣಿದ ಕೈಯವರು ಅವರ ಪಂಕ್ತಿಯಲ್ಲಿ ಕೂರುವಂತಿಲ್ಲ. ಸಂತೆಯ ದಿನ ಉಪ್ಪಿನಕಾಯಿ ಭರಣಿಯ ಈ ಕಡೆ ನಿಂತು ಆ ಕಡೆ ಕೂತ ಸ್ವಂತ ಮಗಳನ್ನು ಮಾತಾಡಿಸಿ ಬರುವ ತಾಯಂದಿರನ್ನು ನಾನು ನೋಡಿದ್ದೇನೆ. ಅವರು ಮನೆಗೆ ಒಯ್ಯುವ ಉಪ್ಪಿನಕಾಯಿಯನ್ನು ಯಾರೂ ತಿನ್ನುವುದಿಲ್ಲ, ಅದು ಭರಣಿಗಟ್ಟಲೆ ಅಟ್ಟದ ಮೇಲೆ ಕೂತಿರುತ್ತದೆ.

ಇಲ್ಲವೇ ಒಂದೇ ಮರಿಗೆಯಲ್ಲಿ ಇಬ್ಬರ ಕೈಯನ್ನೂ ಇಡಿಸಬಹುದು. ಹಾಗೆ ಮಾಡಿದರೆ ಇಬ್ಬರೂ ಇಮ್ಮಡಿಗಳು. ಇಮ್ಮಡಿ ಎಂದರೆ ಎರಡರಷ್ಟು ಹುಳಿ ಎಂದು ಊರು ಅರ್ಥ ಮಾಡಿಕೊಂಡಿದೆ. ಒಂದು ಸೊಲಿಗೆಯನ್ನು ಹಂಚಿದರೆ ಹುಳಿಗೆ ಸಿಟ್ಟು ಬಂದು ಇಮ್ಮಡಿಯಾಗುತ್ತದಂತೆ. ಹಸಿಗೈ ಮುಟ್ಟಿದರೆ ಹಾಲು ಆಗಲೇ ಒಡೆಯುತ್ತದೆ, ಗೊತ್ತಾಗುತ್ತದೆ. ಇಮ್ಮಡಿ ಮುಟ್ಟಿದ ಹಾಲು ನೋಡಲು ಚೆನ್ನಾಗಿಯೇ ಇರುತ್ತದೆ. ಒಲೆಗೇರಿಸಿ, ನೆಂಟರನ್ನು ಕೂರಿಸಿ, ಸಕ್ಕರೆ ಹಾಕುವ ಹೊತ್ತಿಗೆ ಒಡೆದರೂ ಒಡೆಯಿತು, ಒಡೆಯದಿದ್ದರೂ ಇಲ್ಲ. ಆ ಗೊತ್ತಾಗದಿರುವುದನ್ನೇ ಜನ ತಡೆದುಕೊಳ್ಳಲಾರರು.

ನನ್ನ ಕಾಶವ್ವ ಇಮ್ಮಡಿ. ಅವಳ ಜೊತೆ ಹುಟ್ಟಿದ ತಂಗಿ ಗೋದವ್ವನೂ ಇಮ್ಮಡಿ. ಖವಾ ಮಾರುವವನು ಹೋಗಿ ಹೋಗಿ ಇಮ್ಮಡಿಯನ್ನು ಕಟ್ಟಿಕೊಂಡನಲ್ಲ ಎಂದು ಊರು ನಕ್ಕಿತ್ತು. ನಗಲಿ. ಅಂಗಡಿಯ ಹೊಸ್ತಿಲು ದಾಟುವುದಿಲ್ಲ ಎಂದು ಮದುವೆಯ ಮೊದಲೇ ಕಾಶವ್ವ ಮಾತು ಕೊಟ್ಟಿದ್ದಳು, ದಾಟಿಯೂ ಇಲ್ಲ. ಮುಂಬಾಗಿಲಲ್ಲಿ ಅವಳ ನೆರಳು ಕಂಡರೆ ಗಿರಾಕಿಗಳು ಪೇಡೆಯ ಪೊಟ್ಟಣವನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಾರೆ. ಅದೇ ಜನ ಹಿಂಬಾಗಿಲಿಗೆ ಬರುತ್ತಾರೆ. ಅವಳ ಕೈ ತಾಗಿದ ಹಿಟ್ಟು ಉಬ್ಬಿ ಹೂವಾಗುತ್ತದೆ. ಮದುವೆ ಮನೆಯವರು ಹಿಟ್ಟಿನ ಕೊಪ್ಪರಿಗೆ ಹೊತ್ತು ಹಿತ್ತಲಿಗೇ ಬರಬೇಕು. ಹುಳಿತೇಗು, ಎದೆಯುರಿ ಎಂದು ಬಂದವರ ಎದೆಯ ಮೇಲೆ ಅಂಗೈ ಇಟ್ಟರೆ ಉರಿ ಇಳಿಯುತ್ತದೆ. ಸುಣ್ಣದ ಭಟ್ಟಿಯಲ್ಲಿ ಮೈ ಸುಟ್ಟುಕೊಂಡವರಿಗೂ ಅದೇ ಕೈ ಬೇಕು. ತಣಿದು ತಟಸ್ಥವಾದ ನನ್ನ ಕೈಯನ್ನು ಯಾರ ಎದೆಯ ಮೇಲಿಟ್ಟರೂ ಹಲಗೆ ಇಟ್ಟ ಹಾಗೆ. ನಾನಿದನ್ನು ಗಿರಾಕಿಗಳ ಮುಂದೆ ಹೇಳಿದರೆ ಅವರಿಗೆ ಕಿವಿ ಕೇಳಿಸುವುದಿಲ್ಲ.

ಗೋದವ್ವನ ಹಣೆಬರಹ ಇಷ್ಟೂ ಚೆನ್ನಾಗಿರಲಿಲ್ಲ. ನಾದಿನಿಯ ಕೂಸಿಗೆ ಹೆಸರಿಡುವ ದಿನ ತುಂಬಿದ ಮನೆಯಲ್ಲಿ ಅವಳು ಹೊತ್ತು ತಂದ ಪಾಯಸ ಒಡೆಯಿತು. ಅವಳು ಹಾಲು ಮುಟ್ಟಿರಲಿಲ್ಲ, ಪಾತ್ರೆಯ ಕಂಠವನ್ನಷ್ಟೇ ಹಿಡಿದಿದ್ದಳು. ಯಾರು ನಂಬಬೇಕು? ಮಾರನೆಯ ದಿನವೇ ಗಂಡನ ಮನೆಯವರು ಬಟ್ಟೆಯ ಗಂಟಿನೊಂದಿಗೆ ಕಳಿಸಿದರು. ಆವತ್ತಿನಿಂದ ನಮ್ಮ ಮನೆಯ ಹಿಂದಿನ ಖೋಲಿಯಲ್ಲಿದ್ದಾಳೆ. ಮಾತು ಕತ್ತರಿಯ ಹಾಗೆ. ಆದರೆ ಊಟಕ್ಕೆ ಮಾತ್ರ ಅಕ್ಕನ ಪಕ್ಕದಲ್ಲೇ ಕೂರಬೇಕು, ಅಕ್ಕ ಬರುವುದು ತಡವಾದರೆ ತಾಟನ್ನು ಮುಂದಿಟ್ಟುಕೊಂಡು ನನ್ನನ್ನು ಬೈಯುತ್ತಾ ಕಾಯುತ್ತಾಳೆ.

ಸವಳು ಅರಳುವ ಕಾಲದ ಗಾಳಿಗೆ ಊರಿಗೆ ಊರೇ ಸೀನುತ್ತದೆ, ಕಣ್ಣು ಉಜ್ಜುತ್ತದೆ, ಸುಮ್ಮಸುಮ್ಮನೆ ಜಗಳವಾಡುತ್ತದೆ. ಆ ಗಾಳಿಯಲ್ಲಿ ಒಂದು ಬೆಳಿಗ್ಗೆ ಕಾಶವ್ವ ಸೆರಗು ಬಿಗಿದು ಹೊರಟು ನಿಂತಳು. ಅಳತೆಯ ದುರ್ಗಪ್ಪನ ಹತ್ತಿರ ಹೋಗಬೇಕು, ನೀವೂ ಬನ್ನಿ ಅಂದಳು. ದುರ್ಗಪ್ಪನ ಮನೆತನದವರೇ ತಲೆತಲಾಂತರದಿಂದ ಕೆರೆಯ ಸವಳು ಅಳೆಯುವವರು. ಬರಿಗೈಯಲ್ಲಿ ಹೋಗುವುದು ಚೆನ್ನಲ್ಲವೆಂದು ನಾನು ಪೇಡೆ ಕಟ್ಟಿಕೊಂಡೆ, ತಳ ಹಿಡಿಯದ್ದನ್ನೇ ಆರಿಸಿ. ದಾರಿಯುದ್ದಕ್ಕೂ ಅವಳು ನನಗಿಂತ ಮುಂದೆ ನಡೆದಳು. ಕಾಲಡಿಯ ಸವಳು ಹಪ್ಪಳದ ಹಾಗೆ ಮುರಿಯುತ್ತಿತ್ತು.

ದುರ್ಗಪ್ಪ ದಂಡೆಯ ಮೇಲೆ ಕೂತು ಜರಡಿ ಹಿಡಿಯುತ್ತಿದ್ದ. ಕಾಶವ್ವ ಕೂರದೆ, ನಿಂತಲ್ಲೇ ಕೇಳಿದಳು: ಮಕ್ಕಳಿಬ್ಬರ ಕೈಯನ್ನೂ ಇಡಿಸಿದರೆ ಅವರ ಹುಳಿ ಎರಡರಷ್ಟಾಗುತ್ತದೆಯೇ? ಹಾಗಿದ್ದರೆ ಹಂಚುವುದಕ್ಕಿಂತ ಒಬ್ಬಳನ್ನು ಹಸಿಗೈಯಲ್ಲಿ ಬಿಡುವುದೇ ವಾಸಿಯಲ್ಲವೇ?  ನನ್ನ ಜೊತೆ ಇಷ್ಟು ವರ್ಷ ಬಾಳಿದವಳು ತನ್ನ ಕೈಯಲ್ಲಿ ಎರಡು ಹೆಂಗಸರ ಹುಳಿಯಿದೆ ಎಂದು ತಾನೂ ನಂಬಿದ್ದಳೆಂದು ನನಗೆ ಆಗಲೇ ಗೊತ್ತಾದದ್ದು.

ದುರ್ಗಪ್ಪ ಜರಡಿ ಕೆಳಗಿಟ್ಟ. "ಯಾರಂದ್ರು ನಿನಗ ಹಂಗಂತ?"

"ಎಲ್ಲಾರೂ ಅಂತಾರಲ್ಲ ಕಾಕಾ. ಇಮ್ಮಡಿ ಅಂದ್ರ ಅದ ಅಲ್ಲೇನು?"

ಮುದುಕ ತಲೆ ಕೆರೆದುಕೊಂಡ. ಅದು ಕೈಯ ಹೆಸರೇ ಅಲ್ಲ, ಅಳತೆಯ ಕೂಗು ಅಂದ. ಅವನ ಅಜ್ಜಂದಿರ ಕಾಲದಲ್ಲಿ ಮರಿಗೆಗೆ ಸವಳು ಸುರಿದಾಗ ಅದರ ಮೇಲೆ ಎಷ್ಟು ಕೈಯ ಹುಳಿ ಬೀಳುತ್ತದೆಂದು ಕೂಗಿ ಹೇಳುವ ಪದ್ಧತಿಯಂತೆ. ಒಂದು ಸೊಲಿಗೆಗೆ ಒಂದು ಕೈಯಾದರೆ ಒಮ್ಮಡಿ. ಅದೇ ಸೊಲಿಗೆಗೆ ಎರಡು ಕೈಯಾದರೆ ಇಮ್ಮಡಿ. ಕೈ ಎರಡಾದರೂ ಸವಳು ಹೆಚ್ಚುವುದಿಲ್ಲ, ಆದ್ದರಿಂದ ಒಂದೊಂದು ಕೈಗೆ ಅರ್ಧ ಸಿಗುತ್ತದೆ, ಒಂದೊಂದು ಕೈಯಲ್ಲಿ ಅರ್ಧ ಹುಳಿ ಉಳಿಯುತ್ತದೆ. ಒಮ್ಮಡಿ ಎಂದು ಕೂಗುವುದು ಎಲ್ಲ ಮಕ್ಕಳಿಗೂ ಇದ್ದದ್ದೇ ಆದ್ದರಿಂದ ಅದು ಯಾರ ಮೈಗೂ ಅಂಟಿಕೊಳ್ಳಲಿಲ್ಲ. ಇಮ್ಮಡಿ ಅಪರೂಪ. ಕೇಳಿದವರು ಅದನ್ನೇ ಮಕ್ಕಳಿಗೆ ಹೆಸರು ಮಾಡಿಬಿಟ್ಟರು.

"ನಿನ್ನ ಕೈಯಾಗ ಎರಡರಷ್ಟಿಲ್ಲವ್ವಾ, ಅರ್ಧ ಐತಿ" ಅಂದ. "ಸವಳು ಮುಗದು ನೊರಿ ನಿಂತಿತು, ಹುಳಿ ಉಳೀತು. ಅಷ್ಟ. ಮೊದಲಿಗೆ ಯಾವಾಕಿ ಹಂಗ ಮಾಡಿದಳೋ ಗೊತ್ತಿಲ್ಲ. ಎರಡೂ ಕೂಸಿನ ಕೈ ಹಿಡಕೊಂಡು ನಿಂತಳಂತ, ಯಾವುದನ್ನೂ ಬಿಡಲಿಲ್ಲಂತ. ಅದಕ್ಕ ನಮ್ಮ ಮುತ್ಯಾ ಆ ಕೂಗು ಹುಟ್ಟಿಸಬೇಕಾತು."

ನನಗೆ ಮೈಯೆಲ್ಲ ಉರಿಯಿತು. ಗೊತ್ತಿದ್ದೂ ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೀಯಲ್ಲ ಎಂದು ಅವನ ಮೈಮೇಲೆ ಎರಗಿದೆ. ಯಾರೂ ಕೇಳಲಿಲ್ಲ ಅಂದ. ಕೇಳಿದವರಿಗೂ ಉಪಯೋಗವೇನು, ಅರ್ಧ ಅಂದರೂ ಎರಡರಷ್ಟು ಅಂದರೂ ಒಡೆದ ಹಾಲು ಒಡೆದದ್ದೇ ಅಂದ. ಪೇಡೆಯ ಪೊಟ್ಟಣ ಬಿಚ್ಚಿ ಒಂದನ್ನು ಬಾಯಿಗೆ ಹಾಕಿಕೊಂಡು, ಚಲೋ ಆಗೇತಿ ಎಂದೂ ಅಂದ. ಆ ಮುದುಕನ ಜೊತೆ ಜಗಳವಾಡಲೂ ಬರುವುದಿಲ್ಲ.

ಕಾಶವ್ವ ಸಮಾಧಾನವಾಗುತ್ತಾಳೆ ಅಂದುಕೊಂಡಿದ್ದೆ. ಆಗಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಅಂಗೈ ನೋಡಿಕೊಳ್ಳುವಳು, ಸೆರಗಿಗೆ ಒರೆಸಿಕೊಳ್ಳುವಳು, ಮತ್ತೆ ನೋಡಿಕೊಳ್ಳುವಳು. ಅವಳ ಹೆದರಿಕೆ ಹೋಗಿತ್ತು, ಆದರೆ ಹೆದರಿಕೆ ಹೋದ ಜಾಗದಲ್ಲಿ ಈಗ ತೀರ್ಮಾನ ಬಂದು ಕೂತಿತ್ತು. ಹಂಚಿದರೆ ಮಕ್ಕಳು ಕೆಡುವುದಿಲ್ಲ ಎಂದು ತಿಳಿದ ಮೇಲೆ ಹಂಚುವುದನ್ನು ಬಿಟ್ಟು ಬೇರೆ ಮಾಡಲು ಅವಳಿಗೆ ನೆಪವಿರಲಿಲ್ಲ. ನನಗೂ ಇರಲಿಲ್ಲ. ಅಂಗಡಿಗೆ ಒಬ್ಬ ತಣಿದ ಕೈಯ ಮಗಳಿದ್ದರೆ ನನ್ನ ಕಾಲಾನಂತರ ಬಾಣಲೆ ಆರುವುದಿಲ್ಲ ಎಂಬ ಆಸೆ ನನ್ನೊಳಗೆ ಇದ್ದದ್ದು ನಿಜ. ಆದರೆ ಜಗುಲಿಯಲ್ಲಿ ಕೂತು ಒಬ್ಬರ ಜಡೆಯನ್ನು ಒಬ್ಬರು ಹೆಣೆಯುತ್ತಿದ್ದ ಆ ಇಬ್ಬರಲ್ಲಿ ಯಾರನ್ನು ಹುಣಸೆ ಓಣಿಗೆ ಕಳಿಸಲಿ ಎಂದು ನೋಡಲು ಹೋಗಿ ನಾಚಿಕೆಯಾಗಿ ಒಳಗೆ ಬಂದೆ.

ಒಪ್ಪದವಳು ಗೋದವ್ವ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಕಾಶವ್ವ ದುರ್ಗಪ್ಪ ಹೇಳಿದ್ದನ್ನೆಲ್ಲ ಹೇಳಿ, ಇಬ್ಬರ ಕೈಯನ್ನೂ ಇಡಿಸುತ್ತೇನೆ ಅಂದಳು. ಗೋದವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಹೆಸರಿನ ಅರ್ಥ ಕಟ್ಟಿಕೊಂಡು ಏನಾಗಬೇಕಾಗಿದೆ ಅಂದಳು. ದುರ್ಗಪ್ಪನ ಅರ್ಥವನ್ನು ಹಿಡಿದುಕೊಂಡು ಹೋದರೆ ತನ್ನ ಅತ್ತೆ ಬಾಗಿಲು ತೆರೆಯುತ್ತಾಳೆಯೇ ಅಂದಳು. ನಮ್ಮವ್ವ ಮಾಡಿದ ತಪ್ಪನ್ನೇ ನೀನೂ ಮಾಡಬೇಡ, ಒಬ್ಬಳಿಗೆ ಪೂರ್ತಿ ಕೊಡು ಎಂದು ಅವಳು ಮೊದಲಿನಿಂದಲೂ ಹೇಳುತ್ತಿದ್ದಳು, ಈಗಲೂ ಅದನ್ನೇ ಹೇಳಿದಳು.

"ಹಸಿಗೈಯವರಿಗೆ ಓಣಿ ಐತಿ. ತಣಿದವರಿಗೆ ಊರು ಐತಿ. ನಮಗೇನೈತಿ ಹೇಳಕ್ಕ? ಹಿತ್ತಲ ಬಾಗಿಲ ಐತಿ."

ಕಾಶವ್ವನಿಗೆ ಸಿಟ್ಟು ನೆತ್ತಿಗೇರಿತು. ಪೂರ್ತಿ ಸೊಲಿಗೆ ತನಗೇ ಸಿಗಬೇಕಿತ್ತು ಎಂಬ ಸಂಕಟ ನಿನಗೆ ಇನ್ನೂ ಹೋಗಿಲ್ಲ, ಅದಕ್ಕೇ ಸತ್ತ ಅವ್ವನನ್ನು ದಿನಾ ಹರಿದು ತಿನ್ನುತ್ತೀಯ ಎಂದುಬಿಟ್ಟಳು. ಗೋದವ್ವ ತಿರುಗಿ ಬೈಯುತ್ತಾಳೆಂದು ನಾನು ಕಾದೆ.  ಅವಳು ತಾಟು ತೆಗೆದುಕೊಂಡು ಹಿಂದಿನ ಖೋಲಿಗೆ ಹೋದಳು. ಮೂಲೆಯಲ್ಲಿ ಉಣ್ಣುತ್ತಿದ್ದ ಮಕ್ಕಳಲ್ಲಿ ತುಳಸಿ ಇನ್ನೊಂದು ರೊಟ್ಟಿ ಕೇಳಿದಳು. ಕೇದಗಿ ಮಾತ್ರ ತಾಟಿನಲ್ಲಿ ಕೈಯಿಟ್ಟು ಹಾಗೇ ಕೂತಿದ್ದಳು. ಮಕ್ಕಳ ಮುಂದೆ ಇಂಥ ಮಾತಾಡಬಾರದಿತ್ತು. ಆದರೆ ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರಿಗೆ ಯಾರ ಮೇಲೆ ಎಚ್ಚರವಿತ್ತು?

ಅಲ್ಲಿಂದ ತಣಿಸುವ ದಿನದವರೆಗೆ ಅಕ್ಕತಂಗಿಯರು ಮಾತಾಡಲಿಲ್ಲ. ಗೋದವ್ವ ತನ್ನ ಖೋಲಿಯಲ್ಲೇ ಉಂಡಳು. ಕಾಶವ್ವ ಒಬ್ಬಳೇ ಕೂತು ಎರಡು ತುತ್ತು ತಿಂದು ಎದ್ದುಬಿಡುವಳು. ನಾನು ಇವಳ ಬಳಿ ಹೋಗಿ ಅವಳ ಪರವಾಗಿ, ಅವಳ ಬಳಿ ಹೋಗಿ ಇವಳ ಪರವಾಗಿ ಮಾತಾಡಿ ಇಬ್ಬರಿಂದಲೂ ಬೈಸಿಕೊಂಡೆ. ಗಾಳಿ ಬೀಸುತ್ತಲೇ ಇತ್ತು, ಬಾಗಿಲುಗಳು ಬಡಿದುಕೊಳ್ಳುತ್ತಲೇ ಇದ್ದವು.

ಆ ದಿನ ಬೆಳಿಗ್ಗೆ ದಂಡೆಯ ಮೇಲೆ ಊರೆಲ್ಲ ಸೇರಿತ್ತು. ಮಕ್ಕಳು ಹೊಸ ಲಂಗ, ಹೊಸ ಅಂಗಿಗಳಲ್ಲಿ ಸಾಲಾಗಿ ನಿಂತಿದ್ದರು. ದುರ್ಗಪ್ಪ ಒಬ್ಬೊಬ್ಬರಿಗೂ ಸೊಲಿಗೆ ಅಳೆದು ಮರಿಗೆಗೆ ಸುರಿಯುವನು, ನೊರೆಯೇಳುವುದು, ಜನ ಹೋ ಎಂದು ಕೂಗುವರು. ನಮ್ಮ ಸರದಿ ಬಂದಾಗ ಹೋ ಅನ್ನುವವರು ಸುಮ್ಮನಾದರು. ಮುಂದೆ ನಿಂತವರು ತಮ್ಮ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡದ್ದನ್ನು ನಾನು ನೋಡಿದೆ. ಗೋದವ್ವ ಬರುವುದಿಲ್ಲ ಅಂದವಳು ಬಂದಿದ್ದಳು, ದೂರದಲ್ಲಿ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಳು.

ಎಷ್ಟು ಕೈ ಎಂದು ದುರ್ಗಪ್ಪ ಮೆಲ್ಲಗೆ ಕೇಳಿದ. ಎರಡು ಎಂದಳು ಕಾಶವ್ವ. ತುಳಸಿ ಲಂಗ ಎತ್ತಿ ಕಟ್ಟಿ, ಮಂಡಿಯೂರಿ, ಸುರಿಯುವ ಮೊದಲೇ ಕೈ ಚಾಚಿದಳು. ಕೇದಗಿ ಮುಂದೆ ಬಂದಳು, ಕೂತಳು, ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಕಾಶವ್ವ ಆ ಕೈಯನ್ನು ಎಳೆದು ಮುಂದೆ ತಂದರೆ ಅದು ಮುಷ್ಟಿಯಾಗಿತ್ತು. ಉಗುರು ಅಂಗೈಗೆ ನಾಟುವಷ್ಟು ಬಿಗಿ.

"ತೆರಿ" ಅಂದಳು ಕಾಶವ್ವ.

"ಒಲ್ಲೆ. ಅಕ್ಕಗ ಪೂರ್ತಿ ಆಗಲಿ. ನಾ ಓಣಿಗೆ ಹೋಗ್ತೀನಿ" ಅಂದಳು ಕೇದಗಿ. ಅಳಲಿಲ್ಲ. ಎಲ್ಲವನ್ನೂ ಮೊದಲೇ ಯೋಚಿಸಿಟ್ಟುಕೊಂಡವರ ಹಾಗೆ ಹೇಳಿದಳು.

 ಕಾಶವ್ವ ಬೆರಳು ಬಿಡಿಸಲು ಹೋದಳು, ಆಗಲಿಲ್ಲ. ನಾನೂ ಬಗ್ಗಿದೆ, ಆಗಲಿಲ್ಲ. ಅಷ್ಟು ಸಣ್ಣ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. ತುಳಸಿ ಅಳತೊಡಗಿದಳು. ಜನ ಗುಸುಗುಸು ಅಂದರು. ಬಲವಂತ ಮಾಡಬೇಡಿ, ಮಗುವೇ ಹೇಳುತ್ತಿದೆಯಲ್ಲ, ಒಬ್ಬಳದೇ ಮಾಡಿ ಮುಗಿಸಿ ಎಂದು ಯಾರೋ ಹಿಂದಿನಿಂದ ಹೇಳಿದರು. ದುರ್ಗಪ್ಪ ಸೊಲಿಗೆ ಹಿಡಿದು ನಮ್ಮ ಮುಖ ನೋಡುತ್ತಿದ್ದ.

ಆಗ ಗೋದವ್ವ ಜನರನ್ನು ಸರಿಸಿಕೊಂಡು ಬಂದಳು. ಬಂದವಳು ಕೇದಗಿಯ ಮುಷ್ಟಿಯನ್ನು ನೋಡುತ್ತಾ ನಿಂತುಬಿಟ್ಟಳು. 

"ನಾನೂ ಹಿಂಗ ಮುಚ್ಚಿದ್ದೆ" ಅಂದಳು. "ಇದ ಜಾಗದಾಗ. ಅವ್ವ ಕೆನ್ನಿಗೆ ಹೊಡದು ತೆರಿಸಿದಳು. ನೆನಪಿಲ್ಲೇನು ನಿನಗ?"

ಕಾಶವ್ವ ತಲೆಯೆತ್ತಿದಳು. ನೆನಪಿಲ್ಲ ಎಂಬುದು ಅವಳ ಮುಖದಲ್ಲೇ ಇತ್ತು.

"ಒಬ್ಬಾಕಿಗೆ ಕೊಡಬೇಕಾಗಿತ್ತು ಅಂತ ಇಷ್ಟು ವರ್ಷ ಅಂದೆ. ಯಾರಿಗೆ ಅಂತ ಒಮ್ಮೆನೂ ಕೇಳಲಿಲ್ಲ ನೀ. ನಿನಗ ಕೊಡಬೇಕಾಗಿತ್ತು, ಅಕ್ಕ. ನಾ ಇನ್ನೊಂದಿಷ್ಟು ಬಿಗಿಯಾಗಿ ಹಿಡಿದಿದ್ರ ನೀ ಪೂರ್ತಿ ಆಗ್ತಿದ್ದಿ. ಅಂಗಡಿ ಕಟ್ಟಿ ಮ್ಯಾಲ ಕೂಡ್ತಿದ್ದಿ."

ಕಾಶವ್ವ ಕೂತಲ್ಲಿಂದಲೇ ತಂಗಿಯ ಸೀರೆಯ ನಿರಿಗೆಯನ್ನು ಹಿಡಿದುಕೊಂಡಳು. ಊರೆಲ್ಲ ನೋಡುತ್ತಿತ್ತು. ಅವಳು ಅಳುತ್ತಲೇ ಬೈದಳು.

"ನೀ ಓಣಿಗೆ ಹೋಗಿದ್ರ ನಾ ಯಾರ ಜೋಡಿ ಉಣಬೇಕಾಗಿತ್ತೇ, ಹುಚ್ಚಿ? ಆ ಅಂಗಡಿ ಕಟ್ಟಿ ತಗೊಂಡು ನಾ ಏನ್ ಮಾಡ್ಲಿ?"

  ಗೋದವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಸವಳಿನ ಮೇಲೆಯೇ ಕೇದಗಿಯ ಎದುರು ಕೂತಳು. ಮುಷ್ಟಿಯನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡಳು. ಬಿಡಿಸಲು ಹೋಗಲಿಲ್ಲ.

"ತೆರಿಯವ್ವಾ" ಅಂದಳು.

"ತೆರದ್ರ ಅಕ್ಕಗ ಸವಳು ಕಡಿಮಿ ಬೀಳತೈತಿ ಚಿಗವ್ವ."

"ಬೀಳತೈತಿ. ಅರ್ಧ ಕಡಿಮಿ ಬೀಳತೈತಿ. ಅದು ನಡೀತೈತಿ. ನೀ ಕಡಿಮಿ ಬಿದ್ರ ಆಕಿಗೆ ನಡಿಯಂಗಿಲ್ಲ."

ಕೇದಗಿ ಚಿಗವ್ವನ ಮುಖ ನೋಡಿದಳು, ಅಳುತ್ತಿದ್ದ ತುಳಸಿಯ ಮುಖ ನೋಡಿದಳು. ಮೊದಲು ಕಿರುಬೆರಳು ಬಿಟ್ಟಿತು, ಆಮೇಲೆ ಉಳಿದವು. ಅಂಗೈಯಲ್ಲಿ ಉಗುರಿನ ಗುರುತುಗಳು ಕೆಂಪಗೆ ಇದ್ದವು. ಗೋದವ್ವ ಆ ಕೈಯನ್ನು ಒಯ್ದು ತುಳಸಿಯ ಕೈಯ ಪಕ್ಕದಲ್ಲಿ ಇಟ್ಟಳು. ದುರ್ಗಪ್ಪ ಸೊಲಿಗೆ ಬಗ್ಗಿಸಿದ, ನೊರೆ ಎದ್ದಿತು, ಇಬ್ಬರೂ ಒಟ್ಟಿಗೆ ಕಿಲಕಿಲ ನಕ್ಕರು. ನೊರೆ ಬೇಗನೆ ಇಳಿಯಿತು, ಅರ್ಧಕ್ಕೇ. ದುರ್ಗಪ್ಪ ಅಕ್ಕಪಕ್ಕ ನೋಡಿ ಕೂಗಲೋ ಬೇಡವೋ ಎಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ಗೋದವ್ವ ಎದ್ದು ಊರಿನ ಕಡೆಗೆ ತಿರುಗಿ ನಿಂತು, ಮಕ್ಕಳಿಬ್ಬರ ಒದ್ದೆ ಕೈಗಳನ್ನು ಮೇಲೆತ್ತಿ ಹಿಡಿದು, ತಾನೇ ಕೂಗಿದಳು.

"ಇಮ್ಮಡಿ."